ಒಳಗೆ ಇನ್ನು ಯಾರಿದ್ದಾರೆ?

ಅವರು ತೀರಿಕೊಂಡ ಹದಿನೈದನೆಯ ದಿನ ನನಗೆ ವಕೀಲರ ನೋಟೀಸು ಬಂತು. ನಾನು ವಾಸವಾಗಿರುವ ಮನೆ ಪೂರ್ತಿಯಾಗಿ ನನ್ನದಲ್ಲ ಎಂಬುದು ಅದರ ಸಾರಾಂಶ. ಅವರು ಬದುಕಿದ್ದರೆ ನೋಟೀಸು ಬರುತ್ತಿರಲಿಲ್ಲ ಎಂದೇನೂ ನಾನು ಹೇಳುವುದಿಲ್ಲ. ಬಂದದ್ದನ್ನು ಕನ್ನಡಕ ಒರೆಸಿಕೊಂಡು ಎರಡು ಸಲ ಓದಿ, "ಅಕ್ಷರ ಚಂದ ಇತ್ತ್" ಎಂದು ಮಡಿಸಿ ಕೊಡುತ್ತಿದ್ದರು, ಅಷ್ಟೆ. ನಾನು ಆ ದಿನ ಹೊಟ್ಟೆ ತುಂಬ ಉಣ್ಣುತ್ತಿದ್ದೆ.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಛಾಪಾ ಕಾಗದದ ಹೊರಗೆ ತನ್ನ ಹೆಸರು ಕಾಣಿಸಿಕೊಳ್ಳುವುದು ಅವರಿಗೆ ಇಷ್ಟವಿರಲಿಲ್ಲ. ಕುಂದಾಪುರದ ರಿಜಿಸ್ಟ್ರಿ ಕಚೇರಿಯ ಎದುರಿನ ಜಗುಲಿಯಲ್ಲಿ ಒಂದು ಓರೆ ಮೇಜಿಟ್ಟುಕೊಂಡು ಮೂವತ್ತು ವರ್ಷ ದಸ್ತಾವೇಜು ಬರೆದವರು. ಈ ಸೀಮೆಯ ಎಷ್ಟೋ ಪೆಟ್ಟಿಗೆಗಳ ತಳದಲ್ಲಿ ಅವರ ದುಂಡಗಿನ ಅಕ್ಷರ ಮಲಗಿದೆ. ಹುಟ್ಟಿದ್ದು ಬ್ರಹ್ಮಾವರದ ಕಡೆ. ಆ ಊರಿನ ಬಗ್ಗೆ ಕೇಳಿದರೆ, ಅದರ ಗಡಿಯನ್ನು ಪೂರ್ವ, ಪಶ್ಚಿಮ, ಉತ್ತರ, ದಕ್ಷಿಣ ಎಂದು ನಾಲ್ಕು ದಿಕ್ಕಿನಲ್ಲೂ ಹೇಳಿ ಸುಮ್ಮನಾಗುತ್ತಿದ್ದರು. ಕಣ್ಣು ಮಂಜಾದ ಮೇಲೆ ಬರೆಯುವ ಕೆಲಸ ಕಡಿಮೆ ಮಾಡಿ, ಮನೆ ನೋಡುವ ಕೆಲಸ ಹಿಡಿದರು. ಕಣ್ಣು ಕಾಣದವರು ಮನೆ ನೋಡುವುದೆಂದರೇನು ಎಂದು ನಕ್ಕವರಲ್ಲಿ ನಾನೂ ಒಬ್ಬ.

ಮನೆ ನೋಡುವುದೆಂದರೆ ಅವರಿಗೆ ಹೆಣ್ಣು ನೋಡುವುದಕ್ಕಿಂತ ಗಂಭೀರವಾದ ಕಾರ್ಯ. ಕಪ್ಪು ಕೋಟು, ಅದಕ್ಕೆ ಗುಂಡಿ ಇಲ್ಲ. ಕಂಕುಳಲ್ಲಿ ಕೊಡೆ. ಕಿವಿಯ ಮೇಲೆ ಲೇಖನಿ, ಬರೆಯುವುದಿರಲಿ ಬಿಡಲಿ. ಬೇಸಗೆಯಲ್ಲಿ ಯಾರಾದರೂ ಮನೆ ತೋರಿಸುತ್ತೇನೆ ಎಂದರೆ ಅವರು ಹೊರಡುತ್ತಲೇ ಇರಲಿಲ್ಲ. "ಆಸಾಡಿಯಲ್ಲಿ ಬತ್ತೆ" ಎನ್ನುತ್ತಿದ್ದರು. ಆಷಾಢದಲ್ಲಿ ಆಕಾಶವೇ ಹರಿದು ಬೀಳುವ ದಿನ ನೋಡಿ ಹೋಗಿ, ಜಗುಲಿಯಲ್ಲಿ ಕುಳಿತು, ಒಂದು ಮಾತೂ ಆಡದೆ ಎರಡು ಗಂಟೆ ಹೆಂಚು ನೋಡುವುದು. ಮಾರುವವರು ಬೆಲ್ಲ ನೀರು ತಂದಿಡುವರು, ಎಲೆ ಅಡಿಕೆ ತಂದಿಡುವರು, ಕಡೆಗೆ ತಡೆಯಲಾರದೆ, "ಎಂತ ಕಾಂತ್ರಿ ಮಾರಾಯ್ರೆ?" ಎನ್ನುವರು.

"ಮನಿ ಮಾತಾಡ್ತಿತ್ತ್. ನೀವ್ ಸ್ವಲ್ಪ ಸುಮ್ನಿರಿ."

ಅದಾದ ಮೇಲೆ ಬಾವಿಕಟ್ಟೆ. ಒಂದು ಕೊಡ ನೀರು ತಾನೇ ಸೇದಿ, ಅಂಗೈಯಲ್ಲಿ ಕುಡಿದು, ಅಲ್ಲಿಯೇ ನಿಂತುಕೊಳ್ಳುವರು. ನೆರೆಮನೆಯ ಹೆಂಗಸರು ನೀರಿಗೆ ಬಂದಾಗ ಅವರೊಡನೆ ಬಸಳೆ ಚಪ್ಪರದ ಬಗ್ಗೆ, ಕರು ಹಾಕಿದ ದನದ ಬಗ್ಗೆ ಮಾತು. ಇದೇಕೆ ಎಂದು ಒಮ್ಮೆ ಕೇಳಿದ್ದೆ. "ಮಾರುವವ ಬಾಯಿ ಬಿಟ್ರೆ ಮನಿ ಬಗ್ಗೆ ಹೇಳ್ತ. ಬಾಮಿಕಟ್ಟೆ ಹೆಂಗಸ್ರ್ ಬಾಯಿ ಬಿಟ್ರೆ ಮನಿಯವ್ರ ಬಗ್ಗೆ ಹೇಳ್ತ್ರ್. ನಂಗೆ ಎರಡ್ನೇದ್ ಬೇಕ್."

ಎಲ್ಲ ಮುಗಿದು ಮಾರುವವರು ಇನ್ನು ಬೆಲೆಯ ಮಾತು ಬಂತು ಎಂದು ಮುಂದೆ ಸರಿದು ಕುಳಿತರೆ, ಅವರು ಬಾಗಿಲ ಕಡೆ ಕತ್ತು ಚಾಚಿ ಪ್ರತಿಯೊಂದು ಮನೆಯಲ್ಲಿಯೂ ಒಂದೇ ಪ್ರಶ್ನೆ ಕೇಳುತ್ತಿದ್ದರು: "ಒಳ್ಗೆ ಇನ್ನ್ ಯಾರಿದ್ರ್?"

ಮಾರುವವರಿಗೂ ಅವರ ಉಪದೇಶ ಉಂಟು. ಬಾರ್ಕೂರಿನ ಒಬ್ಬರು ಮನೆ ಮಾರುವ ಮುಂಚೆ ತೇವ ಹಿಡಿದ ಪಡುವಣ ಗೋಡೆಗೆ ಎರಡು ಸುತ್ತು ಸುಣ್ಣ ಹೊಡೆಸಿ, ಹೆಮ್ಮೆಯಿಂದ ಇವರನ್ನು ಕರೆದು ತೋರಿಸಿದರು. ಇವರು ಉಗುರಿನಿಂದ ಒಂದು ಕಡೆ ಕೆರೆದು, "ಸುಣ್ಣ ತೆಗೆಸಿ" ಎಂದರು.

"ತೆಗ್ಸುದಾ? ನಿನ್ನೆ ಹೊಡ್ಸಿದ್ ಮಾರಾಯ್ರೆ!"

"ಹೊಸ ಸುಣ್ಣ ಕಂಡ್ರೆ ಕೊಂಬವ ಗೋಡಿ ಕುಟ್ಟಿ ಕಾಂತ. ಒಂದ್ ಕಡಿ ಸುಳ್ಳ್ ಸಿಕ್ರೆ ಮತ್ತ್ ಹತ್ತ್ ಕಡಿ ಹುಡುಕ್ತ. ಗೋಡಿ ತೇವ ಇತ್ತ್, ಅಡುಗಿ ಕೋಣಿಯಗೆ ಹೊಗಿ ನಿಲ್ತ್, ಬೈಲಿನ ದಾರಿ ಮಳಿಗಾಲದಗೆ ಮುಳುಗುತ್ತ್, ಅಂದೇಳಿ ಮೂರೂ ನೀವೇ ಹೇಳಿ."

ಬಾರ್ಕೂರಿನವರು ಗೊಣಗುತ್ತ ಹಾಗೆಯೇ ಹೇಳಿದರು. ಕೊಳ್ಳಲು ಬಂದವರಿಗೆ ಅವರ ಮೇಲೆ ಎಂಥ ವಿಶ್ವಾಸ ಹುಟ್ಟಿತೆಂದರೆ, ಮಾಡಿನ ಹೆಂಚು ಹೊರುವ ಒಂದು ಪಕ್ಕಾಸಿನ ಮರಕ್ಕೆ ಒರಲೆ ಹುಳ ಹತ್ತಿದ್ದನ್ನು ತಲೆಯೆತ್ತಿ ನೋಡಲೂ ಇಲ್ಲ. ಬಾರ್ಕೂರಿನವರು ಸಂತೋಷದಿಂದ ಬಾಯಿ ಮುಚ್ಚಿಕೊಂಡರು. ಇವರು ಕೆಮ್ಮಿ, "ನಾಲ್ಕ್ನೇದ್ ಒಂದಿತ್ತ್, ಅವ್ರ್ ಹೇಳುಕ್ ಮರ್ತ್ರ್" ಎಂದು ಕೊಡೆಯ ತುದಿಯಿಂದ ಮಾಡನ್ನು ತೋರಿಸಿದರು. ಮನೆ ಆ ದಿನವೇ ಮಾರಾಯಿತು. ಬಾರ್ಕೂರಿನವರು ಮಾತ್ರ ಆಮೇಲೆ ಒಂದು ವರ್ಷ ಇವರನ್ನು ಕಂಡರೆ ರಸ್ತೆಯ ಆಚೆ ಬದಿಗೆ ದಾಟುತ್ತಿದ್ದರು.

ಇಷ್ಟೆಲ್ಲ ಜ್ಞಾನಿಗಳು ಇದ್ದದ್ದು ಬಾಡಿಗೆ ಮನೆಯಲ್ಲಿ. ಅದೂ ಸೋರುವ ಮನೆ. ಮಳೆಗಾಲದಲ್ಲಿ ಅವರ ಚಾವಡಿಗೆ ಹೋದರೆ ಮೂರು ತಂಬಿಗೆ, ಒಂದು ಕಡಾಯಿ, ಒಂದು ಮರಿಗೆ ಅಲ್ಲಲ್ಲಿ ತಮ್ಮ ತಮ್ಮ ಸ್ಥಾನದಲ್ಲಿ ಪಂಡಿತರಂತೆ ಕುಳಿತಿರುತ್ತಿದ್ದವು. ನಾಚಿಕೆಯಾಗುವುದಿಲ್ಲವೇ ಎಂದರೆ, "ಬಾಡಿಗಿ ಮನಿ ಸೋರಿದ್ರೆ ಒಡೆಯನ ಮರ್ಯಾದಿ ಹೋತ್ತ್, ಸ್ವಂತ ಮನಿ ಸೋರಿದ್ರೆ ನಮ್ದ್" ಎನ್ನುವರು. ಸ್ವಂತ ಮನೆ ಏಕೆ ಕೊಳ್ಳಲಿಲ್ಲ ಎಂಬುದಕ್ಕೆ ಅವರ ಹೆಂಡತಿ ಕೊಡುತ್ತಿದ್ದ ಉತ್ತರ ಬೇರೆ: "ಇವ್ರಿಗೆ ಹಿಡ್ಸುವ ಮನಿ ಇನ್ನೂ ಯಾರೂ ಕಟ್ಲಿಲ್ಲ."

ಇನ್ನು ನನ್ನ ವಿಷಯ. ನಾನು ಶಾಲೆಯ ಮಾಸ್ತರ. ನನ್ನ ತಾಯಿ ವಿಧವೆಯಾದಂದಿನಿಂದ ಏಳು ಬಾಡಿಗೆ ಮನೆ ಬದಲಿಸಿದ್ದಳು. ಅವಳ ಸಂಸಾರದಲ್ಲಿ ಭಾರವಾದ ವಸ್ತು ಒಂದೇ, ಅರೆಯುವ ಕಲ್ಲು. ಬೈಂದೂರಿನಲ್ಲಿ ನನ್ನ ಅಜ್ಜಿ ಅರೆದ ಕಲ್ಲು. ಮನೆ ಬಿಡಬೇಕೆಂದು ಒಡೆಯರು ಹೇಳಿದಾಗಲೆಲ್ಲ ನಾಲ್ಕು ಜನ ಬಂದು ಆ ಕಲ್ಲು ಎತ್ತಬೇಕು. ಎತ್ತುವಾಗಲೆಲ್ಲ ಅವಳು ಬೆನ್ನು ತಿರುಗಿಸಿ ನಿಲ್ಲುವಳು. ಯುದ್ಧದ ಕಾಲ, ಸೀಮೆಎಣ್ಣೆಗೆ ಚೀಟಿ, ಅಕ್ಕಿಗೆ ಸಾಲು. ಆಗಲೇ ಏಳನೆಯ ಮನೆಯನ್ನೂ ಬಿಡಬೇಕೆಂದು ಹೇಳಿಕೆ ಬಂತು. ಇನ್ನೊಂದು ಸಲ ಈ ಕಲ್ಲು ಎತ್ತಿಸುವುದಾದರೆ ಅದು ನಮ್ಮದೇ ಮನೆಗೆ ಎಂದು ನಾನು ನಿಶ್ಚಯಿಸಿಬಿಟ್ಟೆ.

ಕುಂದಾಪುರದ ಹೊರವಲಯದಲ್ಲಿ ಒಂದು ಹೆಂಚಿನ ಮನೆ, ಬಾವಿ, ಬಾವಿಯ ಪಕ್ಕ ಒಂದು ಹಲಸಿನ ಮರ. ಯಜಮಾನರು ಹಿರಿಯರು, ಗೌರವಸ್ಥರು. ಹೆಂಡತಿಯ ಊರಿನಲ್ಲಿ ಮಕ್ಕಳ ಜೊತೆ ಇರುತ್ತೇನೆ ಎಂದು ಮಾರಲು ಹೊರಟಿದ್ದರು. ನಾನು ಪುಸ್ತಕ ಓದಿದವನಲ್ಲವೇ? ಮುಂದೆ ತಕರಾರು ಬರಬಾರದೆಂದು, ಅವರ ಮೂವರು ಗಂಡುಮಕ್ಕಳ ಸಹಿಯನ್ನೂ ಕರಾರು ಪತ್ರಕ್ಕೆ ಹಾಕಿಸಿದೆ. ಮೂರನೆಯವನು ಭಟ್ಕಳದಲ್ಲಿದ್ದ, ಅವನಲ್ಲಿಗೆ ನಾನೇ ಹೋಗಿ ಹಾಕಿಸಿಕೊಂಡು ಬಂದೆ. ಆ ಪತ್ರವನ್ನು ಜಗುಲಿಯ ಓರೆ ಮೇಜಿನ ಮೇಲೆ ಇಟ್ಟಾಗ ನನ್ನ ಮುಖದಲ್ಲಿ ಇದ್ದಿರಬಹುದಾದ ಕಳೆಯನ್ನು ನೆನೆದರೆ ಈಗ ನಾಚಿಕೆಯಾಗುತ್ತದೆ.

ಅವರು ಓದಿದರು. ಮೂರು ಸಹಿಗಳನ್ನೂ ಬೆರಳಿನಿಂದ ಒಂದೊಂದಾಗಿ ಮುಟ್ಟಿದರು.

"ಇದೆಂತ ಮಾಸ್ಟ್ರೇ?"

"ಮಕ್ಕಳ ಸಹಿ. ಮೂರೂ ಮಂದಿದ್."

"ಪಕ್ಕದ್ ಮನಿಯವ್ರದ್ದೂ ಹಾಕ್ಸುದಲ್ದಾ? ಅದ್ರಷ್ಟೇ ಉಪಯೋಗ ಇತ್ತ್."

ಆಗ ನನಗೆ ತಿಳಿಯಿತು. ನಮ್ಮಲ್ಲಿ ಅಪ್ಪನ ಆಸ್ತಿ ಮಗನಿಗೆ. ಆದ್ದರಿಂದ ಜಗತ್ತಿನ ಆಸ್ತಿಯೆಲ್ಲ ಹಾಗೆಯೇ ಇಳಿಯುತ್ತದೆ ಎಂದು ನಾನು ನಂಬಿದ್ದೆ. ಮನೆ ಮಾರುವವರು ಅಳಿಯಸಂತಾನದವರು. ಅಲ್ಲಿ ಮನೆ ಇಳಿಯುವುದು ತಾಯಿಯಿಂದ ಹೆಣ್ಣುಮಕ್ಕಳ ಮೂಲಕ. ಯಜಮಾನ ನೋಡಿಕೊಳ್ಳಬಹುದು, ತೆರಿಗೆ ಕಟ್ಟಬಹುದು, ಮೀಸೆ ತಿರುವಬಹುದು. ಅವನ ಮಕ್ಕಳಿಗೆ ಆ ಮನೆಯಲ್ಲಿ ಊಟದ ಎಲೆ ಉಂಟು, ಹಕ್ಕಿಲ್ಲ. ಹಕ್ಕು ಅವನ ಅಕ್ಕತಂಗಿಯರದ್ದು, ಅವರ ಮಕ್ಕಳದ್ದು. ಹುಟ್ಟಿದಂದಿನಿಂದ ಇವರ ನಡುವೆಯೇ ಬದುಕಿದ ನಾನು, ಮಾರುವವರಿಗೆ ಅಕ್ಕತಂಗಿಯರು ಇದ್ದಾರೆಯೇ ಎಂದು ಬಾಯಿತಪ್ಪಿಯೂ ಕೇಳಿರಲಿಲ್ಲ.

ಕೇಳಿದರೆ, ಒಬ್ಬ ಅಕ್ಕ ಉಪ್ಪುಂದದಲ್ಲಿ ಇದ್ದರು.

"ಅವ್ಳಿಗೆ ಗೊತ್ತಿತ್ತ್, ನಾ ಹೇಳ್ರೆ ಆಯ್ತ್" ಎಂದರು ಯಜಮಾನರು, ಹಲಸಿನ ಮರದ ಕಡೆ ನೋಡುತ್ತ.

"ಯಾವಾಗ್ ಹೇಳಿದ್ರಿ?" ಎಂದರು ಇವರು.

ಉತ್ತರ ಕೊಟ್ಟವರು ಬಾವಿಕಟ್ಟೆಯ ಹೆಂಗಸರು. ಅಕ್ಕ ತಮ್ಮನಿಗೆ ನಾಲ್ಕು ವರ್ಷದಿಂದ ಮಾತಿಲ್ಲ. ಕಾರಣ, ಆ ಹಲಸಿನ ಹಣ್ಣು. ವರ್ಷಕ್ಕೆ ಎರಡು ಹಣ್ಣು ಅಕ್ಕನಿಗೆ ಹೋಗುವ ವಾಡಿಕೆ. ಒಂದು ವರ್ಷ ತಮ್ಮ ಕಳಿಸಲಿಲ್ಲ, ಮರುವರ್ಷ ಅಕ್ಕ ಕೇಳಲಿಲ್ಲ, ಅಲ್ಲಿಗೆ ರಾಜ್ಯಗಳ ನಡುವಿನ ಸಂಬಂಧ ಕಡಿಯಿತು.

ನಾವಿಬ್ಬರೂ ಉಪ್ಪುಂದಕ್ಕೆ ಹೊರಟೆವು. ಆರಿದ್ರಾ ಮಳೆ. ಹೊಳೆಯ ಕಡವಿನಲ್ಲಿ ದೋಣಿ, ಆಚೆ ದಡದಲ್ಲಿ ಇದ್ದಿಲ ಗ್ಯಾಸಿನ ಬಸ್ಸು. ಏರು ಬಂದಾಗ ನಾವೇ ಇಳಿದು ಅದಕ್ಕೆ ಜೊತೆ ಕೊಡಬೇಕು. ಇವರ ತೊಡೆಯ ಮೇಲೆ ಗೋಣಿಚೀಲ, ಅದರಲ್ಲಿ ಎರಡು ಹಲಸಿನ ಹಣ್ಣು. ಯಜಮಾನರ ಮರದಿಂದ ಯಜಮಾನರ ಕೈಯಲ್ಲೇ ಕೊಯ್ಯಿಸಿ ತಂದಿದ್ದರು. ದಸ್ತಾವೇಜಿನ ಕರಡು ಅವರ ಎದೆಯ ಹತ್ತಿರ, ಅಂಗಿಯ ಒಳಗೆ.

ಅಕ್ಕ ಜಗುಲಿಯಲ್ಲಿ ಸೆಗಣಿ ಸಾರಿಸುತ್ತಿದ್ದರು. ಚೀಲ ಇಳಿಸಿದ್ದನ್ನು ನೋಡಿದರು. ಮೂಸಿ ನೋಡುವ ಅಗತ್ಯವೇ ಬೀಳಲಿಲ್ಲ.

"ಅಂವ ಕಳ್ಸಿದ್ದಾ?"

"ಅವ್ರೇ ಕೊಯ್ದ್ ಕೊಟ್ರ್."

"ಎರಡೇಯಾ? ನಾಲ್ಕ್ ವರ್ಷದ್ ಎಂಟ್ ಆಯ್ಕ್!" ಎಂದರು ಅಕ್ಕ. ಆದರೆ ಕೈ ತೊಳೆದುಕೊಂಡು ಬಂದು ಎದುರು ಕುಳಿತರು. ಅಲ್ಲಿಂದ ಮುಂದೆ ನಡೆದ ಸಂಧಾನವನ್ನು ನಾನು ವಿವರಿಸುವುದಿಲ್ಲ. ಇಷ್ಟು ಹೇಳಿದರೆ ಸಾಕು: ಅಕ್ಕನಿಗೆ ಬೆಲೆಯಲ್ಲಿ ಅವರ ಭಾಗ ಕೊಡುವುದಕ್ಕೆ ಯಜಮಾನರು ಒಪ್ಪಿದ್ದರು, ಅದಕ್ಕೆ ಅಕ್ಕ ತಲೆಯಾಡಿಸಿದರು. ಆಮೇಲೆ ತಮ್ಮದೂ ಒಂದು ಷರತ್ತು ಹಾಕಿದರು. ಮನೆ ಯಾರದಾದರೂ ಆಗಲಿ, ಆ ಮರ ಇರುವವರೆಗೆ ವರ್ಷಕ್ಕೆ ಎರಡು ಹಣ್ಣು ಉಪ್ಪುಂದಕ್ಕೆ ಬರಬೇಕು.

"ಯಾರ್ ತಂದ್ ಕೊಡುದ್?" ಎಂದೆ ನಾನು ಗಾಬರಿಯಾಗಿ.

"ನೀವ್" ಎಂದರು ಇಬ್ಬರೂ ಒಟ್ಟಿಗೆ.

ಅಷ್ಟಾಯಿತು. ಮುಂದಿನ ವಾರ ಕುಂದಾಪುರಕ್ಕೆ ಬಂದು ರಿಜಿಸ್ಟ್ರಿ ಕಚೇರಿಯಲ್ಲಿ ಹೆಬ್ಬೆಟ್ಟು ಒತ್ತುತ್ತೇನೆ ಎಂದು ಅಕ್ಕ ಮಾತು ಕೊಟ್ಟರು. ಬಸ್ಸಿನ ಹೊತ್ತಾಗಿತ್ತು. ನಾನು ಚಪ್ಪಲಿ ಮೆಟ್ಟಿಕೊಂಡೆ. ಇವರು ಎದ್ದು ನಿಂತವರು ಬಾಗಿಲ ಕಡೆ ಕತ್ತು ಚಾಚಿದರು.

"ಒಳ್ಗೆ ಇನ್ನ್ ಯಾರಿದ್ರ್?"

"ಯಾರಿಲ್ಲ. ಮಗಳೊಬ್ಳ್, ಹೆತ್ತ್ ಏಳ್ ದಿನ ಆಯ್ತ್."

"ಮಗಳನ್ನ ಯಾರಿಲ್ಲ ಅಂಬುಕಾತ್ತಾ?" ಎಂದು ಇವರು ಮತ್ತೆ ಕುಳಿತರು. "ಮಗು ಎಂತ?"

"ಹೆಣ್ಣ್."

"ಹಾಂಗಾರೆ ಇಬ್ರಾಯ್ತ್."

ನಾನು ಕೈಮುಗಿಯುವುದೊಂದು ಬಾಕಿ. ಬಸ್ಸು ಹೋಗುತ್ತದೆ, ಅವಳ ತಾಯಿಯೇ ಒಪ್ಪಿದ್ದಾಳೆ, ಅವಳ ಗಂಡ ಮುಂಬಯಿಯಲ್ಲಿ, ಅವಳಿಗೆ ಈ ಮನೆ ನೆನಪಾದರೂ ಇದೆಯೋ ಇಲ್ಲವೋ ಎಂದೆಲ್ಲ ಹೇಳಿದೆ. ಅವರು ಕಿವಿಯ ಮೇಲಿನ ಲೇಖನಿ ತೆಗೆದರು. ಪ್ರಾಯಕ್ಕೆ ಬಂದ ಹೆಣ್ಣು, ಆ ಕುಟುಂಬದವಳು. ಅವಳ ಒಪ್ಪಿಗೆ ಪತ್ರ ಬೇರೆ ಬೇಕು. ಬಾಣಂತಿ ಕೋಣೆಗೆ ಗಂಡಸರು ಹೋಗುವಂತಿಲ್ಲ. ಆದ್ದರಿಂದ ಅವರು ಮನೆಯನ್ನು ಸುತ್ತು ಹಾಕಿ ಹೋಗಿ, ಕೋಣೆಯ ಕಿಟಕಿಯ ಹೊರಗೆ, ಮಾಡಿನ ನೀರು ಸುರಿಯುವಲ್ಲಿ ನಿಂತರು. ಕೊಡೆಯನ್ನು ಕಾಗದದ ಮೇಲೆ ಹಿಡಿದರು, ತಮ್ಮ ಮೇಲೆ ಹಿಡಿಯಲಿಲ್ಲ. ಕಿಟಕಿಗೆ ಮುಖ ಹಾಕದೆ, ಗೋಡೆಯನ್ನು ನೋಡುತ್ತ, ಇಡೀ ದಸ್ತಾವೇಜನ್ನು ಮೊದಲಿನಿಂದ ಕೊನೆಯವರೆಗೆ, ನಾಲ್ಕು ಗಡಿ, ಬಾವಿ, ಮರ, ದಾರಿ ಸಹಿತ ಓದಿದರು. ಪ್ರತಿಯೊಂದು ಕಲಮು ಮುಗಿದಾಗಲೂ, "ತಿಳೀತಾ?" ಎಂದು ಗೋಡೆಯನ್ನು ಕೇಳಿದರು.

"ಹ್ವಾಯ್, ಇನ್ನೂ ಎಷ್ಟಿತ್ತ್? ಮಗು ಎದ್ತ್!" ಎಂದಿತು ಒಳಗಿನ ಧ್ವನಿ.

"ಅದೂ ಕೇಂಬ್ಲಿ. ಅದ್ರದ್ದೂ ಇತ್ತ್ ಇದ್ರಗೆ."

ಸೂಲಗಿತ್ತಿ ಶಾಯಿಯ ಡಬ್ಬಿ ಒಳಗೆ ಕೊಂಡುಹೋಗಿ, ಹೆಬ್ಬೆಟ್ಟು ಒತ್ತಿಸಿಕೊಂಡು ಬಂದಳು. ಅವಳೊಂದು ಸಾಕ್ಷಿ, ಬೀದಿಯ ಅಂಗಡಿಯವರೊಂದು ಸಾಕ್ಷಿ. ಅದಕ್ಕೂ ಮುಂಚೆ, ಒಪ್ಪಿಗೆ ಪತ್ರ ಬರೆಯುವಾಗ, ಮಗುವಿನ ಹೆಸರಿನ ಹತ್ತಿರ ಅವರ ಲೇಖನಿ ನಿಂತಿತ್ತು. ನಾಮಕರಣವಾಗಿರಲಿಲ್ಲ. ಅವರು ಸ್ವಲ್ಪ ಯೋಚಿಸಿ, ತಮ್ಮ ದುಂಡಗಿನ ಅಕ್ಷರದಲ್ಲಿ, "ಏಳು ದಿನದ, ಇನ್ನೂ ಹೆಸರಿಡದ ಹೆಣ್ಣು ಶಿಶುವಿನ ಪರವಾಗಿ ಅದರ ತಾಯಿ" ಎಂದು ಬರೆದಿದ್ದರು.

ಬಸ್ಸು ಹೋಗಿತ್ತು. ತ್ರಾಸಿಯವರೆಗೆ ಎತ್ತಿನ ಗಾಡಿಯಲ್ಲಿ ಬಂದೆವು. ಒಂದು ಕಡೆ ಕಡಲು ಬೊಬ್ಬೆ ಹೊಡೆಯುತ್ತಿತ್ತು, ಗಾಳಿಗೆ ಕೊಡೆ ಉಲ್ಟಾ ಆಯಿತು. ಅವರು ಅಂಗಿಯ ಮೇಲೆ ಕೈಯಿಟ್ಟುಕೊಂಡು, ಎದೆನೋವಿನವರಂತೆ ಕುಳಿತಿದ್ದರು. ಇಷ್ಟು ನಿಷ್ಠುರ ಶಾಸ್ತ್ರ ಮನುಷ್ಯನಿಗೆ ಇರಬಾರದು ಎಂದು ನಾನು ದಾರಿಯುದ್ದಕ್ಕೂ ಮನಸ್ಸಿನಲ್ಲೇ ಬೈದುಕೊಂಡೆ. ಅವರಿಗೆ ಅದು ಕೇಳಿಸಿರಬೇಕು. "ಬಸ್ ನಾಳೆಯೂ ಬತ್ತ್ ಮಾಸ್ಟ್ರೇ" ಎಂದರು.

ಮನೆ ನಮ್ಮದಾಯಿತು. ಕಲ್ಲನ್ನು ಎಂಟನೆಯ ಸಲ ಎತ್ತಿ ತಂದು ಅಡುಗೆಮನೆಯ ಮೂಲೆಯಲ್ಲಿ ಇಳಿಸಿದಾಗ ತಾಯಿ ಬೆನ್ನು ತಿರುಗಿಸಲಿಲ್ಲ. ಸುತ್ತ ಮಣ್ಣು ಮೆತ್ತಿಸಿ ಗಟ್ಟಿ ಮಾಡಿಸಿದಳು. ಅವರು ಆಮೇಲೆ ಪ್ರತಿ ಆಷಾಢದಲ್ಲಿ ಒಂದು ದಿನ ಬಂದು, ನಮ್ಮ ಜಗುಲಿಯಲ್ಲಿ ಎರಡು ಗಂಟೆ ಹೆಂಚು ನೋಡಿ, "ಸೋರ್ತಿಲ್ಲ" ಎಂದು ಸ್ವಲ್ಪ ನಿರಾಶೆಯಿಂದಲೇ ಹೇಳಿ ಹೋಗುತ್ತಿದ್ದರು. ನಾನು ಪ್ರತಿ ವರ್ಷ ಎರಡು ಹಲಸಿನ ಹಣ್ಣನ್ನು ದೋಣಿಯಲ್ಲಿ, ಬಸ್ಸಿನಲ್ಲಿ, ಸಹಪ್ರಯಾಣಿಕರ ಶಾಪದಲ್ಲಿ ಹೊತ್ತು ಉಪ್ಪುಂದಕ್ಕೆ ಮುಟ್ಟಿಸಿ ಬರುತ್ತಿದ್ದೆ.

ಏಳು ವರ್ಷ ಹೀಗೆ ಕಳೆಯಿತು. ಅಕ್ಕ ತೀರಿಕೊಂಡರು; ಹಣ್ಣು ಮಗಳಿಗೆ ಹೋಯಿತು. ಈ ಮಳೆಗಾಲದ ಮೊದಲಲ್ಲಿ ಇವರೂ, ತಮ್ಮ ಸೋರುವ ಚಾವಡಿಯಲ್ಲಿ, ತಂಬಿಗೆಗಳ ನಡುವೆ ಹೋದರು. ಹದಿನೈದನೆಯ ದಿನ ನೋಟೀಸು.

ಬರೆಸಿದ್ದು ಆ ಬಾಣಂತಿಯ ಗಂಡ. ಮುಂಬಯಿಯಿಂದ ಮರಳಿದ್ದ, ಊರಲ್ಲೆಲ್ಲ ಪಾಲಿನ ಮಾತು ಎದ್ದ ಕಾಲ, ಯಾರೋ ತಲೆಗೆ ತುಂಬಿದ್ದರು. ಮನೆ ಮಾರಾಟವಾದಾಗ ತನ್ನ ಹೆಂಡತಿ ಬಾಣಂತಿ ಕೋಣೆಯಲ್ಲಿದ್ದಳು, ಅವಳನ್ನಾಗಲಿ ಅವಳ ಹಸುಗೂಸನ್ನಾಗಲಿ ಯಾರೂ ಕೇಳಿಲ್ಲ, ಆದ್ದರಿಂದ ಆ ಕ್ರಯಕ್ಕೆ ಅವರಿಬ್ಬರೂ ಬದ್ಧರಲ್ಲ ಎಂದು ನೋಟೀಸಿನ ವಾದ. ನಾನು ಪೆಟ್ಟಿಗೆ ತೆರೆದೆ. ರಿಜಿಸ್ಟ್ರಿಯಾದ ದಸ್ತಾವೇಜು ಇತ್ತು. ಅಕ್ಕನ ಹೆಬ್ಬೆಟ್ಟು ಇತ್ತು. ಒಪ್ಪಿಗೆ ಪತ್ರ ಇರಲಿಲ್ಲ. ಪೆಟ್ಟಿಗೆಯನ್ನು ತಲೆಕೆಳಗು ಮಾಡಿದೆ. ಶಾಲೆಯ ಪುಸ್ತಕಗಳನ್ನೆಲ್ಲ ಕೊಡವಿದೆ. ಒಂದು ಜಿರಲೆ, ಎರಡು ನವಿಲುಗರಿ.

ತಾಯಿ ಅಡುಗೆಮನೆಯಿಂದ ನೋಡುತ್ತಿದ್ದಳು. ಅವಳು ಕೇಳಿದ್ದು ಒಂದೇ ಮಾತು. "ಕಲ್ಲ್ ಎತ್ತುಕಿತ್ತಾ, ಮಗಾ?"

ನಾನು ಚೆಲ್ಲಿದ ಪುಸ್ತಕಗಳನ್ನು ಒಟ್ಟುಮಾಡತೊಡಗಿದೆ. ಆಮೇಲೆ ಮೆಲ್ಲಗೆ, ಕಿಟಕಿಯ ಕಾಗದ ಕಾಣೆಯಾಗಿದೆ, ಅದು ಇದ್ದರೆ ಮಾತ್ರ ಮನೆ ಉಳಿಯುತ್ತದೆ ಎಂದೆ.

"ಯಾವ್ದ್? ಅವ್ರ್ ಕೊಟ್ಟದ್ದಾ? ಅದ್ ನಿನ್ ಪೆಟ್ಟಿಗೆಯಗೆ ಹ್ಯಾಂಗೆ ಸಿಕ್ಕುತ್ತ್? ನನ್ ಕೈಯಗೆ ಕೊಟ್ಟದ್ದಲ್ದಾ!"

ದಸ್ತಾವೇಜು ರಿಜಿಸ್ಟ್ರಿಯಾದ ದಿನ ಅವರು ನಮ್ಮ ಬಾಡಿಗೆ ಮನೆಗೆ ಬಂದಿದ್ದರಂತೆ. ನಾನು ಶಾಲೆಯಲ್ಲಿದ್ದೆ. ಬಾಗಿಲಲ್ಲಿ ನಿಂತು, ಅಭ್ಯಾಸದಂತೆ, ಒಳಗೆ ಇನ್ನು ಯಾರಿದ್ದಾರೆ ಎಂದು ಕೇಳಿದ್ದಾರೆ. ಇವಳು ಹೊರಗೆ ಬಂದಳು. "ಮಾಸ್ಟ್ರ್ ಸಿಟ್ಟಾಯಿರ್. ಇದನ್ನ ಅವ್ರ್ ಎಲ್ಲಾದ್ರೂ ಬಿಸಾಕ್ತ್ರ್. ನೀವ್ ಇಟ್ಕಣಿ" ಎಂದು ಕೊಟ್ಟು ಹೋಗಿದ್ದಾರೆ. ತಾಯಿ ತನ್ನ ಕೊನೆಯ ದಿನಕ್ಕೆಂದು ಗಂಗಾಜಲದ ಕಾಶಿ ಗಿಂಡಿ ಇಟ್ಟುಕೊಂಡಿದ್ದ ಡಬ್ಬಿಯನ್ನು ತೆರೆದು, ಬಿಳಿ ಪಂಚೆಯಲ್ಲಿ ಸುತ್ತಿದ ಕಾಗದವನ್ನು ತೆಗೆದಳು. ಕರ್ಪೂರದ ವಾಸನೆ ಬರುತ್ತಿತ್ತು. ಹೆಬ್ಬೆಟ್ಟು ನಿನ್ನೆ ಒತ್ತಿದಂತಿತ್ತು. ನಾನು ಅಡುಗೆಮನೆಯಲ್ಲೇ, ಆ ಕಲ್ಲಿನ ಮೇಲೆ ಕುಳಿತುಬಿಟ್ಟೆ. ಬೇರೆ ದಿನವಾಗಿದ್ದರೆ ಅರೆಯುವ ಕಲ್ಲಿನ ಮೇಲೆ ಕೂತದ್ದಕ್ಕೆ ಅವಳು ಬೈಯುತ್ತಿದ್ದಳು.

ಕಾಗದದ ಸುದ್ದಿ ಕಳಿಸಿದ ಮೇಲೆ ಗಂಡ ಹೆಂಡತಿ ಇಬ್ಬರೂ ಬಂದರು, ಜೊತೆಯಲ್ಲಿ ಏಳು ವರ್ಷದ ಹುಡುಗಿ. ಅವನು ಕಾಗದವನ್ನು ಓದಿದ. ಮತ್ತೊಮ್ಮೆ ಓದಿದ. ಹೆಂಡತಿಯ ಕಡೆ ತಿರುಗಿದ.

"ಇದ್ ನಿಂದಾ?"

"ನಂದೇ. ಕಿಟಕಿ ಹೊರ್ಗೆ ಒಬ್ರ್ ನಿಂತ್ಕಂಡ್ ಪುರಾಣ ಓದಿರಲ್ದಾ, ಮಳಿಯಗೆ?"

"ಹೇಳುಕಾತಿರ್ಲಿಲ್ಯಾ ನಂಗೆ?"

"ನೀವ್ ಕೇಂಡ್ರೆ ಅಲ್ದಾ? ನೋಟೀಸ್ ಬರ್ಸುವತಿಗೆ ನನ್ನ ಕೇಂಡ್ರಾ? ಊರಿಗ್ ಬಂದಾಗೆಲ್ಲ ಹಲ್ಸಿನ್ ಹಣ್ಣ್ ತಿಂದ್ರಿ, ಅದ್ ಎಲ್ಲಿಂದ್ ಬತ್ತ್ ಅಂದೇಳಿ ಕೇಂಡ್ರಾ?"

ಅವನು ಒಳ್ಳೆಯ ಮನುಷ್ಯ, ಕಿವಿ ಕೆಂಪಾಯಿತು. ನೋಟೀಸನ್ನು ನನ್ನ ಕೈಯಿಂದ ತೆಗೆದುಕೊಂಡು ನಾಲ್ಕಾಗಿ ಮಡಿಸಿ ಜೇಬಿಗೆ ಹಾಕಿಕೊಂಡ. ಹುಡುಗಿಗೆ ನಾನು "ಇನ್ನೂ ಹೆಸರಿಡದ ಹೆಣ್ಣು ಶಿಶು" ಎಂಬುದನ್ನು ಬೆರಳಿಟ್ಟು ತೋರಿಸಿದೆ. "ನಂಗೆ ಹೆಸರಿತ್ತ್!" ಎಂದು ಅವಳು ಸಿಟ್ಟಿನಿಂದ ಹೇಳಿ, ನನ್ನ ತಾಯಿ ಕೊಟ್ಟ ಹಲಸಿನ ತೊಳೆ ತಿನ್ನಲು ಒಳಗೆ ಹೋದಳು.

ಉಂಡು ಕೈತೊಳೆದ ಮೇಲೆ ಅವನು ಬಾವಿಕಟ್ಟೆಯ ಹತ್ತಿರ ನನ್ನನ್ನು ಬದಿಗೆ ಕರೆದ.

"ಮಾಸ್ಟ್ರೇ, ನಾವ್ ನಾವುಂದದ ಹತ್ರ ಒಂದ್ ಮನಿ ತಕಂಬ ಅಂದೇಳಿ ಇದ್ದಿತ್. ಆ ಕಿಟಕಿ ಹತ್ರ ನಿಂತವ್ರ್ ಈಗ ಎಲ್ ಸಿಕ್ತ್ರ್?"

ಅವರು ತೀರಿಕೊಂಡರು ಎಂದು ಹೇಳಬೇಕಾದವನು ನಾನು. ಹೇಳಿದೆ. ಅವನು ಬಾವಿಯ ಹಗ್ಗವನ್ನು ಕೊಡಕ್ಕೆ ಸುತ್ತಿ ಇಟ್ಟು, "ಹಾಂಗಾರೆ ನೀವೇ ಒಂದ್ ಸಲ ಬನ್ನಿ" ಎಂದ.

ನನಗೆ ನೋಟೀಸು ಕೊಟ್ಟವನಿಗೆ ನಾನು ಮನೆ ನೋಡಿಕೊಡುವುದೇ? ಕೊಡೆ ಹುಡುಕಿದೆ. ಆಷಾಢ ಹಿಡಿದಿತ್ತು. ನಾವುಂದದ ಆ ಮನೆಯ ಜಗುಲಿಯಲ್ಲಿ ಕುಳಿತು, ಮನೆ ಮಾರುವವರು ತಂದಿಟ್ಟ ಬೆಲ್ಲ ನೀರು ಮುಟ್ಟದೆ, ಹೆಂಚು ನೋಡಿದೆ. ನನಗೆ ಹೆಂಚಿನ ಬಗ್ಗೆ ಏನೂ ತಿಳಿಯದು. ಆದರೂ ಎರಡು ಗಂಟೆ ನೋಡಿದೆ. ಒಂದು ಕಡೆ ಹನಿ ಬಿತ್ತು, ಅದನ್ನು ಹೇಳಿದೆ. ಬೆಲೆಯ ಮಾತು ಬಂತು. ಮಾರುವವರು ಮುಂದೆ ಸರಿದು ಕುಳಿತರು. ಪಕ್ಕದಲ್ಲಿ ಮುಂಬಯಿಯವನು ನನ್ನ ಮುಖವನ್ನೇ ನೋಡುತ್ತಿದ್ದ.

ನಾನು ಗಂಟಲು ಸರಿಮಾಡಿಕೊಂಡು, ಬಾಗಿಲ ಕಡೆ ಕತ್ತು ಚಾಚಿದೆ.